ಗುರಿಯ ಧರ್ಮ

ಕಳೆದ ವರ್ಷ ಮಳೆಗಾಲದ ಒಂದು ಮಧ್ಯಾಹ್ನ, ಪದವಿ ತರಗತಿಯಲ್ಲಿ ಪಂಪಭಾರತದ ಪಾಂಡುವಿನ ಪ್ರಸಂಗವನ್ನು ಪಾಠ ಹೇಳುತ್ತಿದ್ದೆ. ಬೇಟೆಗೆ ಹೋದ ಅರಸನು, ಜಿಂಕೆಯ ರೂಪದಲ್ಲಿ ತನ್ನ ಮಡದಿಯೊಡನೆ ಕೂಡಿದ್ದ ಕಿಂದಮನೆಂಬ ಋಷಿಯನ್ನು ಬಾಣದಿಂದ ಹೊಡೆದು, ಸಾಯುತ್ತಿದ್ದ ಆತನಿಂದ ಶಾಪ ಪಡೆದ ಕಥೆ ಎಲ್ಲರೂ ಬಲ್ಲದ್ದೇ. ಪದ್ಯವನ್ನು ಅನ್ವಯಿಸಿ, ಛಂದಸ್ಸನ್ನು ವಿವರಿಸಿ, ಪರೀಕ್ಷೆಯಲ್ಲಿ ಬರಬಹುದಾದ ಪ್ರಶ್ನೆಯನ್ನೂ ಸೂಚಿಸಿ ಮುಂದಿನ ಪದ್ಯಕ್ಕೆ ಹೋಗುವಷ್ಟರಲ್ಲಿ, ಹಿಂದಿನ ಬೆಂಚಿನಲ್ಲಿ ಕುಳಿತ ರೈತರ ಮನೆಯ ಹುಡುಗನೊಬ್ಬ ಎದ್ದುನಿಂತು, "ಸರ್, ಪಾಂಡು ಮಾಡಿದ ತಪ್ಪು ಯಾವುದು? ಬೇಟೆ ಆಡಿದ್ದೇ ತಪ್ಪೋ, ಹೊಡೆದ ರೀತಿ ತಪ್ಪೋ?" ಎಂದು ಕೇಳಿದ.

ನಾನು "ಎರಡೂ ತಪ್ಪೇ" ಎಂದೆ. ಗಂಟೆ ಹೊಡೆಯಿತು, ತರಗತಿ ಮುಗಿಯಿತು. ಆದರೆ ಅಧ್ಯಾಪಕನಾದವನಿಗೆ ತಾನು ಕೊಟ್ಟ ಉತ್ತರ ಉತ್ತರವೋ ತಪ್ಪಿಸಿಕೊಳ್ಳುವ ಉಪಾಯವೋ ಎಂಬುದು ಇತರರಿಗಿಂತ ಮೊದಲು ತಿಳಿಯುತ್ತದೆ. ನನ್ನದು ಉಪಾಯವಾಗಿತ್ತು. ಆ ಹುಡುಗನಿಗೆ ಕೊಡಬೇಕಾಗಿದ್ದ ಉತ್ತರವನ್ನು ಇಲ್ಲಿ, ಸ್ವಲ್ಪ ನಿಧಾನವಾಗಿ, ವಾಚಕರ ಮುಂದಿಡುತ್ತೇನೆ.

ವ್ಯಾಸಭಾರತದಲ್ಲಿ ಈ ಪ್ರಶ್ನೆಗೆ ಉತ್ತರವನ್ನು ಕೊಡುವವನು ಪೆಟ್ಟು ತಿಂದ ಕಿಂದಮನೇ. ಆತ ಪಾಂಡುವನ್ನು ಬೇಟೆಯಾಡಿದನೆಂದು ದೂರುವುದಿಲ್ಲ. ಮೃಗಗಳನ್ನು ಹೊಡೆಯುವುದು ಅರಸರ ರೂಢಿಯೆಂಬುದನ್ನು ಒಪ್ಪಿಕೊಂಡೇ ಮಾತನಾಡುತ್ತಾನೆ. ಆತನ ದೂರು ಇಷ್ಟೇ: ಹೊಡೆಯಬಾರದ ಗಳಿಗೆಯಲ್ಲಿ ಹೊಡೆದೆ, ಕೊಂಚ ಕಾಯಬಹುದಾಗಿತ್ತು, ಕಾಯಲಿಲ್ಲ. ಅಂದರೆ ಬೇಟೆಯು ಸರಿಯೋ ತಪ್ಪೋ ಎಂಬ ದೊಡ್ಡ ಪ್ರಶ್ನೆಯೊಳಗೆ ಮತ್ತೊಂದು ಪ್ರಶ್ನೆ ಅಡಗಿದೆ. ಕೊಲ್ಲುವ ಕೈಗೂ ಒಂದು ಧರ್ಮವುಂಟೆ? ಉಂಟಾದರೆ ಅದು ಯಾವುದು? ನನ್ನ ವಿದ್ಯಾರ್ಥಿ ಕೇಳಿದ್ದು ಇದನ್ನು.

ಇಲ್ಲಿಯೇ ಒಂದು ಆಕ್ಷೇಪಣೆ ಬರುವುದೆಂದು ಬಲ್ಲೆ. 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆ ಬಂದ ಮೇಲೆ ನಮ್ಮ ದೇಶದಲ್ಲಿ ಬೇಟೆಯ ಕಾಲ ಮುಗಿಯಿತು. ಮುಗಿದ ವಿಷಯದ ನೀತಿಯನ್ನು ಚರ್ಚಿಸಿ ಫಲವೇನು? ಬೇಟೆ ಮತ್ತೆ ಬರಬೇಕೆಂಬ ಆಸೆ ಈ ಕನ್ನಡ ಮೇಷ್ಟರಿಗೆ ಇದೆಯೋ ಹೇಗೆ? ಇಲ್ಲ. ಆ ಕಾಯಿದೆಯನ್ನು ನಾನು ಮನಸಾರೆ ಒಪ್ಪುವವನು. ಅದು ಇನ್ನೂ ಹತ್ತಿಪ್ಪತ್ತು ವರ್ಷ ಮೊದಲು ಬಂದಿದ್ದರೆ ನಮ್ಮ ಕಾಡುಗಳು ಇನ್ನೂ ತುಂಬಿರುತ್ತಿದ್ದವು ಎಂದೇ ನನ್ನ ನಂಬಿಕೆ. ಆದರೆ ಬೇಟೆ ನಿಂತಿತೆಂದರೆ ಮೃಗಕ್ಕೆ ಬೀಳುವ ಪೆಟ್ಟು ನಿಂತಿತೆಂದಲ್ಲ. ಗದ್ದೆಯಂಚಿನಲ್ಲಿ, ತೋಟದ ಬೇಲಿಯಲ್ಲಿ, ಅನುಮತಿಯಿಂದಲೋ ಅನುಮತಿಯಿಲ್ಲದೆಯೋ ಅದು ಬೀಳುತ್ತಲೇ ಇದೆ. ನಿಂತುಹೋದದ್ದು ಪೆಟ್ಟಿನ ವಿಷಯವಾಗಿ ಹಿಂದಿನವರು ಇಟ್ಟುಕೊಂಡಿದ್ದ ವಿವೇಕ ಮಾತ್ರ. ಆ ವಿವೇಕದ ಮಾತು ಇದು.

ನಾನು ಮಲೆನಾಡಿನವನು. ನನ್ನ ಅಜ್ಜ ಒಂದು ಕಾಲದಲ್ಲಿ ಹೆಸರಾದ ಈಡುಗಾರ. ಕಾಯಿದೆ ಬಂದಾಗ ಕಾಡಿಗೆ ಹೋಗುವುದನ್ನು ಬಿಟ್ಟರು. ಬೆಳೆರಕ್ಷಣೆಯ ಪರವಾನಗಿಯಿದ್ದ ಒಂದು ಕೋವಿ ಮಾತ್ರ ನಡುಮನೆಯ ಗೋಡೆಯ ಮೇಲೆ ಉಳಿಯಿತು. ಸೋವುವವರು ಹಳುವನ್ನು ನುಗ್ಗಿ ಮಿಗವನ್ನು ಎಬ್ಬಿಸಿದ್ದು, ಬಿಲ್ಲಿಗೆ ಕುಳಿತವರು ಉಸಿರು ಬಿಗಿಹಿಡಿದದ್ದು, ಹಣ್ಣಿನ ಮರದ ಬಳಿ ಮರಸು ಕುಳಿತು ರಾತ್ರಿ ಕಳೆದದ್ದು, ಇವನ್ನೆಲ್ಲ ಅವರ ಬಾಯಿಂದ ಕೇಳುತ್ತ ನಾನು ಬೆಳೆದೆ. ಕುವೆಂಪು ಅವರ ಮಲೆನಾಡಿನ ಚಿತ್ರಗಳನ್ನೂ ಕಾದಂಬರಿಗಳನ್ನೂ ಮುಂದೆ ಓದಿದಾಗ ಅಲ್ಲಿಯ ಬೇಟೆಯ ಭಾಷೆ ನನಗೆ ಹೊಸದಾಗಿ ತೋರಲಿಲ್ಲ. ನಮ್ಮ ಜಗಲಿಯ ಭಾಷೆಯೇ ಅಚ್ಚಾದಂತಿತ್ತು. ಆದರೆ ಈಗ ಹಿಂದಿರುಗಿ ನೋಡಿದರೆ, ಅಜ್ಜ ಎಂದೂ ಎಷ್ಟು ಮಿಗ ಹೊಡೆದೆನೆಂದು ಲೆಕ್ಕ ಹೇಳಿದವರಲ್ಲ. ಅವರು ಹೇಳಿದ್ದೆಲ್ಲ ಎಲ್ಲಿಗೆ ಹೊಡೆಯಬೇಕು, ಯಾವಾಗ ಹೊಡೆಯಬಾರದು ಎಂಬುದನ್ನೇ.

ಅವರ ಪಾಠದ ಸಾರ ಇಷ್ಟು. ಮಿಗ ಅಡ್ಡಲಾಗಿ, ಪಕ್ಕೆ ಕಾಣುವಂತೆ ನಿಂತಿರಬೇಕು. ಮುಂಗಾಲಿನ ಹಿಂಬದಿಯ ನೇರದಲ್ಲಿ ಕಣ್ಣನ್ನು ಮೇಲಕ್ಕೆ ಒಯ್ದು, ಎದೆಯ ಎತ್ತರದಲ್ಲಿ ಕೆಳಗಿನಿಂದ ಮೂರನೆಯ ಒಂದು ಪಾಲು ಬಂದಲ್ಲಿ ನಿಲ್ಲಿಸಬೇಕು. ಅಲ್ಲಿ ಗುಂಡಿಗೆಯಿದೆ, ಅದರ ಸುತ್ತ ಮೇಲೆ ಶ್ವಾಸಕೋಶವಿದೆ. ಕೈ ನಾಲ್ಕು ಬೆರಳು ತಪ್ಪಿದರೂ ಪೆಟ್ಟು ಶ್ವಾಸಕೋಶಕ್ಕೆ ಬೀಳುತ್ತದೆ, ಮಿಗ ಬೇಗ ಸಾಯುತ್ತದೆ. ಮಿಗ ಕೊಂಚ ಆಚೆಗೆ ತಿರುಗಿ ನಿಂತಿದ್ದರೆ ಈಚೆಯ ಪಕ್ಕೆಯನ್ನು ನೋಡದೆ, ಗುಂಡು ಒಳಹೊಕ್ಕು ಆಚೆಯ ಮುಂಗಾಲಿನ ಕಡೆಗೆ ಹೋಗುವಂತೆ ಗೆರೆಯೆಳೆದುಕೊಳ್ಳಬೇಕು. ಎದುರಿಗೆ ಬರುತ್ತಿದ್ದರೆ ಕಾಯಬೇಕು. ಬೆನ್ನು ತಿರುಗಿಸಿ ಓಡುತ್ತಿದ್ದರೆ ಬಿಡಬೇಕು. ತಲೆಗೆ ಹೊಡೆಯುವ ಚಪಲ ಕೂಡದು: ಮೆದುಳು ಚಿಕ್ಕದು, ತಲೆ ಗಳಿಗೆಗೊಮ್ಮೆ ಅಲುಗುವಂಥದು, ಗುರಿ ತುಸು ತಪ್ಪಿತೆಂದರೆ ದವಡೆ ಒಡೆದು, ಮಿಗ ಓಡಿಹೋಗಿ, ತಿನ್ನಲಾರದೆ ಕುಡಿಯಲಾರದೆ ಎಲ್ಲೋ ಹಳುವಿನಲ್ಲಿ ಹಸಿದು ಸಾಯುತ್ತದೆ. ಚರೆಯ ಈಡು 30 ಗಜ ದಾಟಿತೆಂದರೆ ಹರಡಿ ಹೋಗುತ್ತದೆ, ಆ ದೂರದಿಂದ ಹೊಡೆದರೆ ಗಾಯ ಮಾಡಿದಂತೆಯೇ ಹೊರತು ಕೊಂದಂತಲ್ಲ. ಮಿಗದ ಹಿಂದೆ ಏನಿದೆಯೆಂಬುದನ್ನು ಮಿಗಕ್ಕಿಂತ ಮೊದಲು ನೋಡಬೇಕು.

ಈಡಿನ ನಂತರದ ಪಾಠ ಇನ್ನೂ ಕಠಿಣವಾದದ್ದು. ಗುಂಡಿಗೆಗೆ ಪೆಟ್ಟು ಬಿದ್ದ ಮಿಗವೂ ಒಮ್ಮೊಮ್ಮೆ ನೂರು ಮಾರು ಓಡಿಯೇ ಬೀಳುತ್ತದೆ. ಆದ್ದರಿಂದ ಬೀಳಲಿಲ್ಲವೆಂದ ಮಾತ್ರಕ್ಕೆ ತಪ್ಪಿತೆಂದು ತಿಳಿದು ಮನೆಗೆ ಬರಕೂಡದು. ನಿಂತಿದ್ದ ಜಾಗಕ್ಕೆ ಹೋಗಿ ನೆತ್ತರನ್ನು ಓದಬೇಕು. ತಿಳಿಗೆಂಪಾಗಿ ನೊರೆಗೂಡಿದ್ದರೆ ಶ್ವಾಸಕೋಶದ್ದು. ಕಪ್ಪಿಟ್ಟ ಕೆಂಪಾದರೆ ಪಿತ್ತಕೋಶದ ಬದಿಯ ಈಲಿಯದು. ಹುಲ್ಲಿನ ಚೂರು ಬೆರೆತಿದ್ದರೆ ಹೊಟ್ಟೆಯದು, ಅದು ಎಲ್ಲಕ್ಕಿಂತ ಕೆಟ್ಟದ್ದು. ಹೊಟ್ಟೆಗೆ ತಗುಲಿದ ಮಿಗವನ್ನು ಕೂಡಲೆ ಅಟ್ಟಿದರೆ ಅದು ಇರುವ ಬಲವನ್ನೆಲ್ಲ ಕೂಡಿಸಿಕೊಂಡು ದೂರ ಹೋಗಿಬಿಡುತ್ತದೆ. ಕೆಲವು ಗಂಟೆ ಬಿಟ್ಟು, ಸದ್ದಿಲ್ಲದೆ, ಸಿಗುವ ತನಕ ಜಾಡು ಹಿಡಿಯಬೇಕು. "ಈಡು ನಿನ್ನದಾದ್ಮೇಲೆ ಗಾಯಾನೂ ನಿಂದೇ" ಎಂಬುದು ಅಜ್ಜ ಹೇಳುತ್ತಿದ್ದ ಮಾತು.

ನಮ್ಮ ಭಾಷೆಯಲ್ಲಿ 'ಮರ್ಮ' ಎಂಬ ಮಾತಿಗೆ ಇಂದು ಗುಟ್ಟು ಎಂದು ಅರ್ಥ. ಅದರ ಮೂಲಾರ್ಥ ಬೇರೆ: ಎಲ್ಲಿ ಪೆಟ್ಟು ಬಿದ್ದರೆ ಸಾವು ಬರುವುದೋ ಆ ಎಡೆ. ಸುಶ್ರುತನು ಮನುಷ್ಯದೇಹದಲ್ಲಿ 107 ಮರ್ಮಗಳನ್ನು ಎಣಿಸಿ ಅವನ್ನು ಐದು ಬಗೆಯಾಗಿ ವಿಂಗಡಿಸಿದ್ದಾನೆ. ಬೇಗ ಪ್ರಾಣ ತೆಗೆಯುವಂಥವು 19, ಕಾಲಾಂತರದಲ್ಲಿ ತೆಗೆಯುವಂಥವು 33, ನೆಟ್ಟ ಶಲ್ಯವನ್ನು ಕಿತ್ತರೆ ಸಾವು ತರುವಂಥವು 3, ಅಂಗವಿಕಲತೆ ತರುವಂಥವು 44, ಬರಿಯ ನೋವು ಕೊಡುವಂಥವು 8. ಇದು ವೈದ್ಯನು ಉಳಿಸುವುದಕ್ಕಾಗಿ ಮಾಡಿದ ಪಟ್ಟಿ. ಆದರೆ ಆಯುಧ ಹಿಡಿದವನೂ ಇದನ್ನೊಮ್ಮೆ ಓದಬೇಕು. ಮೊದಲನೆಯ ಬಗೆಗೂ ಉಳಿದ ನಾಲ್ಕಕ್ಕೂ ನಡುವೆ ಇರುವ ಅಂತರವೇ ಬೇಟೆಗಾರನ ಧರ್ಮಕ್ಕೂ ಅಧರ್ಮಕ್ಕೂ ಇರುವ ಅಂತರ. ಸಾವು ಎರಡು ಕಡೆಯೂ ಒಂದೇ ಆಗಿರಬಹುದು. ಸಾಯುವುದಕ್ಕೆ ಹಿಡಿಯುವ ಕಾಲ ಒಂದೇ ಅಲ್ಲ, ಆ ಕಾಲವನ್ನು ಅನುಭವಿಸುವುದು ಹೊಡೆದವನಲ್ಲ.

ಇಷ್ಟೆಲ್ಲವನ್ನೂ ಕೇಳಿ ಬಲ್ಲವನಾಗಿದ್ದ ನಾನು ಏನು ಮಾಡಿದೆನೆಂಬುದನ್ನು ಇಲ್ಲಿ ಮುಚ್ಚಿಡಬಾರದು. 1996ರ ಮಾಗಿಯಲ್ಲಿ, ನನಗಾಗ ಹದಿನೈದು ತುಂಬಿ ಹದಿನಾರು, ಕೊಯ್ಲಿಗೆ ಬಂದ ಗದ್ದೆಗೆ ರಾತ್ರಿ ಹಂದಿ ಇಳಿಯುತ್ತಿತ್ತು. ಅಜ್ಜನಿಗೆ ಜ್ವರ. ಕಾವಲಿಗೆ ಹೋದವನು ಅವರಿಗೆ ಹೇಳದೆ ಕೋವಿಯನ್ನು ಇಳಿಸಿಕೊಂಡು ಹೋದೆ. ಅದು ಕಾನೂನಿಗೂ ವಿರುದ್ಧ, ಮನೆಯ ಕಟ್ಟಳೆಗೂ ವಿರುದ್ಧ. ನಡುರಾತ್ರಿ ಗದ್ದೆಯ ಕೆಳಮೂಲೆಯಲ್ಲಿ ಬತ್ತದ ತೆನೆ ಜಗ್ಗುವ ಸದ್ದಾಯಿತು. ಏನೂ ಕಾಣಲಿಲ್ಲ. ಸದ್ದು ಬಂದ ಕಡೆಗೆ ಕೋವಿ ತಿರುಗಿಸಿ ಕುದುರೆ ಎಳೆದೆ. ಒಂದು ಕಿರುಚು ಕೇಳಿತು. ಏನೋ ಭಾರವಾದದ್ದು ಬೇಲಿಯನ್ನು ಮುರಿದುಕೊಂಡು ಕಾಡಿಗೆ ನುಗ್ಗಿತು. ಆ ಗಳಿಗೆಯಲ್ಲಿ ನನಗೆ ಆದದ್ದು ಸಂತೋಷವೆಂದೇ ಹೇಳಬೇಕು.

ಬೆಳಗ್ಗೆ ಅಜ್ಜ ಜ್ವರದಲ್ಲಿಯೇ ಎದ್ದು ಕಂಬಳಿ ಹೊದ್ದು ಗದ್ದೆಗೆ ಬಂದರು. ಬೈಯಲಿಲ್ಲ. ಕೆಳಮೂಲೆಯಲ್ಲಿ ಕುಳಿತು ನೆತ್ತರನ್ನು ಬೆರಳಿನಿಂದ ಮುಟ್ಟಿ ನೋಡಿದರು. ಅದರಲ್ಲಿ ಅಗಿದ ಬತ್ತದ ಚೂರು ಇತ್ತು. ಆಮೇಲೆ ಬೇಲಿಯಾಚೆಯ ಕಾಲುದಾರಿಯನ್ನು ತೋರಿಸಿ, "ರಾತ್ರಿ ಆಟ ನೋಡ್ಕಂಡು ಕೇರಿಯವ್ರು ಈ ದಾರೀಲೇ ಬಂದಾರೆ. ಕಾಣದ್ದಕ್ಕೆ ಈಡು ಹೊಡ್ದೆಯಲ್ಲ, ಅದು ಹಂದಿಯಾಗಿದ್ದು ನಿನ್ನ ಪುಣ್ಯ ಕಣೋ" ಎಂದರು. ನನ್ನ ಕಾಲು ನಡುಗಿದ್ದು ಆಗ.

ಅಂದು ಇಡೀ ದಿನ ಜಾಡು ಹಿಡಿದೆವು. ಹಳ್ಳದ ಬಳಿ ಜಾಡು ಎರಡು ಸಲ ತಪ್ಪಿತು. ನಾನು "ಸಾಕು ಅಜ್ಜ, ಸತ್ತಿರ್ತದೆ" ಎಂದೆ. ಅವರು "ಸತ್ತಿರೋದನ್ನ ನೋಡು, ಆಮೇಲೆ ಹೇಳು" ಎಂದು ಮುಂದೆ ನಡೆದರು. ಸಂಜೆ ಬಿಸಿಲು ಇಳಿಯುವ ಹೊತ್ತಿಗೆ ವಾಟೆಯ ಹಿಂಡಿಲಿನ ಕೆಳಗೆ ಅದು ಸಿಕ್ಕಿತು. ಬದುಕಿತ್ತು. ಏಳಲಾರದೆ ಮುಂಗಾಲನ್ನು ಊರಿ ನಮ್ಮ ಕಡೆಗೆ ತಲೆಯೆತ್ತಿ ನೋಡಿತು. ಹೊಟ್ಟೆಯ ಗಾಯದ ಮೇಲೆ ನೊಣ ಮುತ್ತಿತ್ತು. ಅಜ್ಜ ಸುತ್ತಿಕೊಂಡು ಅದರ ಪಕ್ಕೆಯ ಕಡೆಗೆ ಹೋಗಿ, ನನ್ನನ್ನು ಹತ್ತಿರ ಕರೆದು ನಿಲ್ಲಿಸಿಕೊಂಡು, ಮುಂಗಾಲಿನ ಹಿಂದಕ್ಕೆ ಒಂದೇ ಈಡು ಹೊಡೆದರು. ಹಂದಿ ತಲೆಯಿಳಿಸಿತು. ಅದರ ಮಾಂಸವನ್ನು ಮನೆಗೆ ತರಲಿಲ್ಲ. ಮರುದಿನ ಕೋವಿ ಗೋಡೆಯಿಂದ ಇಳಿದು ಪೆಟ್ಟಿಗೆ ಸೇರಿತು. ನಾನು ಮತ್ತೆ ಅದನ್ನು ಮುಟ್ಟಲಿಲ್ಲ.

ಎಷ್ಟೋ ವರ್ಷಗಳ ಮೇಲೆ ಎಂ.ಎ. ಓದುವಾಗ ಕಾಳಿದಾಸನ ರಘುವಂಶದ ಒಂಬತ್ತನೆಯ ಸರ್ಗವನ್ನು ಓದಿದೆ. ದಶರಥನ ಬೇಟೆ ಅಲ್ಲಿ ಬರುತ್ತದೆ. ಮೊದಲು ಒಂದು ಚಿತ್ರ: ಅರಸನು ಗಂಡುಜಿಂಕೆಯೊಂದಕ್ಕೆ ಗುರಿಯಿಟ್ಟು ಕಿವಿಯವರೆಗೆ ಹೆದೆಯೆಳೆದಿದ್ದಾನೆ. ಅಷ್ಟರಲ್ಲಿ ಹೆಣ್ಣುಜಿಂಕೆ ಬಂದು ಗಂಡನ ಮೈಗೆ ತನ್ನ ಮೈಯನ್ನು ಅಡ್ಡವಿಟ್ಟು ನಿಲ್ಲುತ್ತದೆ. ತಾನೂ ಪ್ರೇಮವನ್ನು ಬಲ್ಲವನಾದ ಅರಸನ ಮನಸ್ಸು ಕರಗುತ್ತದೆ, ಎಳೆದ ಬಾಣವನ್ನು ಇಳಿಸುತ್ತಾನೆ. ಅದೇ ಸರ್ಗದ ಕೊನೆಯಲ್ಲಿ ಅದೇ ಅರಸನು ತಮಸಾ ತೀರದಲ್ಲಿ ಕೊಡ ತುಂಬುವ ಸದ್ದನ್ನು ಆನೆಯ ಸದ್ದೆಂದು ಬಗೆದು ಶಬ್ದವೇಧಿಯಾದ ಬಾಣವನ್ನು ಬಿಡುತ್ತಾನೆ. ಬಾಣ ತಗುಲಿದ್ದು ಕುರುಡು ತಂದೆತಾಯಿಗಳ ಮಗನಿಗೆ. ಕಾಳಿದಾಸನು ಇಲ್ಲಿ ಒಂದು ಮಾತನ್ನು ಸೇರಿಸುತ್ತಾನೆ: ಆನೆಯನ್ನು ಹೊಡೆಯುವುದು ಅರಸನಿಗೆ ನಿಷಿದ್ಧವೇ ಆಗಿತ್ತು, ದಶರಥನು ಅದನ್ನು ಮೀರಿದನು. ಅಂದರೆ ಸದ್ದು ಆನೆಯದೇ ಆಗಿದ್ದರೂ ತಪ್ಪು ತಪ್ಪೇ. ಮಗು ಸತ್ತದ್ದರಿಂದ ಅದು ತಪ್ಪಾದದ್ದಲ್ಲ. ಹೆದೆಯಿಂದ ಬಾಣ ಬಿಟ್ಟ ಗಳಿಗೆಯಲ್ಲಿಯೇ ಅದು ತಪ್ಪಾಗಿತ್ತು.

ಈ ಎರಡು ಚಿತ್ರಗಳನ್ನು ಓದಿದ ರಾತ್ರಿ ನನಗೆ ನಿದ್ದೆ ಬರಲಿಲ್ಲ. ಕಂಡಾಗ ಕರಗಿದವನು ಕಾಣದಾಗ ಕೊಂದ. ದಯೆ ಎಂಬುದು ಮನಸ್ಸಿನ ಗುಣವೆಂದು ನಾವು ಹೇಳುತ್ತೇವೆ. ಇಲ್ಲಿ ಅದು ಮೊದಲು ಕಣ್ಣಿನ ಕೆಲಸ. ನೋಡದವನಿಗೆ ದಯೆ ತೋರುವ ಅವಕಾಶವೇ ಇಲ್ಲ. ವಾಲ್ಮೀಕಿಯ ದಶರಥನು ಮುಪ್ಪಿನಲ್ಲಿ, ರಾಮ ಕಾಡಿಗೆ ಹೋದ ಮೇಲೆ, ಈ ಕಥೆಯನ್ನು ಕೌಸಲ್ಯೆಗೆ ತಾನೇ ಹೇಳಿಕೊಳ್ಳುತ್ತಾನೆ. ಶಬ್ದವೇಧಿಯೆಂಬ ಕೀರ್ತಿ ತನಗೆ ಯೌವನದಲ್ಲಿ ಹೇಗೆ ಬಂದಿತ್ತೆಂಬುದನ್ನೂ ಮರೆಮಾಡದೆ ಹೇಳುತ್ತಾನೆ. ಅಲ್ಲಿ ಆ ಹುಡುಗನ ಮರ್ಮದಲ್ಲಿ ಬಾಣ ನೆಟ್ಟಿದೆ. ಇದ್ದರೆ ಯಾತನೆ, ಕಿತ್ತರೆ ಸಾವು. ಸುಶ್ರುತನ ಮೂರನೆಯ ಬಗೆ ಇದೇ. ಕೀಳಬೇಕಾದ ಕೈ ಬಿಟ್ಟ ಕೈಯೇ ಆಗಿರುವುದು ಆ ಪ್ರಸಂಗದ ಭಯಂಕರತೆ.

ಪಾಂಡು ಹೊಡೆದದ್ದು ಕಂಡೇ, ಆದರೆ ಹೊತ್ತನ್ನು ನೋಡಲಿಲ್ಲ. ದಶರಥ ಗುರಿಯನ್ನೇ ನೋಡಲಿಲ್ಲ. ಮೌಸಲ ಪರ್ವದ ಜರನೆಂಬ ಬೇಡ ಅರೆಬರೆ ಕಂಡ. ಮಲಗಿದ್ದ ಕೃಷ್ಣನ ಪಾದವನ್ನು ಜಿಂಕೆಯೆಂದು ತಿಳಿದ. ನಮ್ಮ ಎರಡು ಮಹಾಕಾವ್ಯಗಳ ಮೂರು ದೊಡ್ಡ ದುರಂತಗಳು ಕೆಟ್ಟ ಈಡಿನಿಂದ ಹುಟ್ಟಿವೆ. ನಮ್ಮ ಅಲಂಕಾರಶಾಸ್ತ್ರದ ಪರಂಪರೆ ಆದಿಕಾವ್ಯದ ಹುಟ್ಟನ್ನೇ ಬೇಡನ ಬಾಣಕ್ಕೆ ಬಿದ್ದ ಕ್ರೌಂಚದ ಸಂಕಟಕ್ಕೆ ಜೋಡಿಸುತ್ತದೆ. ಹನ್ನೆರಡನೆಯ ಶತಮಾನದಲ್ಲಿ ಕಲ್ಯಾಣದ ಮೂರನೆಯ ಸೋಮೇಶ್ವರನು ಮಾನಸೋಲ್ಲಾಸದಲ್ಲಿ ಮೃಗಯೆಯನ್ನು ಒಂದು ವಿನೋದವೆಂದು ವರ್ಣಿಸಿರಬಹುದು. ಆದರೆ ವಿನೋದದ ಬೆನ್ನಲ್ಲೇ ಬರುವ ಹೊಣೆಯನ್ನು ಕವಿಗಳು ಮರೆತವರಲ್ಲ.

ಪುರಾಣ ಬೇಡವೆಂಬವರಿಗೆ ಇತ್ತೀಚಿನ ಚರಿತ್ರೆಯೂ ಇದೆ. 1907ರಲ್ಲಿ ಜಿಮ್ ಕಾರ್ಬೆಟ್ ಕುಮಾವೂನಿನಲ್ಲಿ ಹೊಡೆದ ಚಂಪಾವತದ ಹೆಣ್ಣುಹುಲಿ ನೇಪಾಳದಲ್ಲಿಯೂ ಕುಮಾವೂನಿನಲ್ಲಿಯೂ ಕೂಡಿ 436 ಜನರನ್ನು ಕೊಂದಿತ್ತೆಂದು ಲೆಕ್ಕ. ಅದು ಸತ್ತ ಮೇಲೆ ಬಾಯಿ ಬಿಡಿಸಿ ನೋಡಿದಾಗ ಬಲಗಡೆಯ ಕೋರೆಹಲ್ಲುಗಳೆರಡೂ ಮುರಿದಿದ್ದವು: ಮೇಲಿನದು ಅರ್ಧಕ್ಕೆ, ಕೆಳಗಿನದು ಬುಡದವರೆಗೆ. ಎಂದೋ ಯಾರೋ ಹೊಡೆದ ಗುಂಡಿನ ಗಾಯ ಅದು. ಸಹಜವಾದ ಬೇಟೆಯನ್ನು ಹಿಡಿಯಲಾರದೆ ಅದು ಮನುಷ್ಯನ ಕಡೆಗೆ ತಿರುಗಿತೆಂದು ಕಾರ್ಬೆಟ್ ತೀರ್ಮಾನಿಸಿದ. 1944ರಲ್ಲಿ ಹೊರಬಂದ ತನ್ನ ಪುಸ್ತಕದ ಮುನ್ನುಡಿಯಲ್ಲಿ, ಅಜಾಗರೂಕತೆಯ ಈಡು ಮತ್ತು ಗಾಯಗೊಂಡ ಮೃಗವನ್ನು ಹಿಂಬಾಲಿಸಿ ಮುಗಿಸದ ಸೋಮಾರಿತನ ನರಭಕ್ಷಕಗಳನ್ನು ಸೃಷ್ಟಿಸುವ ಕಾರಣಗಳಲ್ಲಿ ಸೇರಿವೆಯೆಂದು ಆತ ಸ್ಪಷ್ಟವಾಗಿ ಬರೆದಿದ್ದಾನೆ. ಬೆಂಗಳೂರಿನಲ್ಲಿ ನೆಲೆಸಿದ್ದ ಕೆನೆತ್ ಆಂಡರ್ಸನ್ನನ ಅನುಭವಗಳನ್ನು ಪೂರ್ಣಚಂದ್ರ ತೇಜಸ್ವಿ 'ಕಾಡಿನ ಕಥೆಗಳು' ಎಂದು ಕನ್ನಡಕ್ಕೆ ತಂದಿದ್ದಾರೆ. ಅವನ್ನು ನಮ್ಮ ವಿದ್ಯಾರ್ಥಿಗಳು ರೋಮಾಂಚನಕ್ಕಾಗಿ ಓದುತ್ತಾರೆ. ಓದಲಿ. ಆದರೆ ಚಂಪಾವತದ ಆ ಗುಂಡನ್ನು ಹಾರಿಸಿದವನು ಯಾರೋ, ಬಹುಶಃ ಗುರಿ ತಪ್ಪಿತೆಂದುಕೊಂಡು ಮನೆಗೆ ಹೋಗಿ ನೆಮ್ಮದಿಯಾಗಿ ಮಲಗಿದ್ದಾನು, ಎಂಬುದನ್ನೂ ಒಮ್ಮೆ ಯೋಚಿಸಲಿ.

ಬೇಟೆ ಕಾನೂನುಬದ್ಧವಾಗಿರುವ ದೇಶಗಳಲ್ಲಿ ಈ ವಿವೇಕವನ್ನು ಕಟ್ಟಳೆಯಾಗಿ ಮಾಡಿದ್ದಾರೆ. ನಾರ್ವೆಯಲ್ಲಿ ದೊಡ್ಡ ಮೃಗಗಳ ಬೇಟೆಗೆ ಹೋಗುವವನು ಪ್ರತಿ ವರ್ಷವೂ ಗುರಿಪರೀಕ್ಷೆಯಲ್ಲಿ ತೇರ್ಗಡೆಯಾಗಬೇಕು, ಮತ್ತು ಗಾಯಗೊಂಡ ಮೃಗವನ್ನು ಹುಡುಕಲು ತರಬೇತಾದ ನಾಯಿಯೊಂದು ಒದಗುವ ಏರ್ಪಾಟು ಇರಬೇಕು. ಡೆನ್ಮಾರ್ಕಿನಲ್ಲಿ 1990ರ ದಶಕದಲ್ಲಿ ಗುಲಾಬಿ ಪಾದದ ಹೆಬ್ಬಾತುಗಳನ್ನು ಜೀವಂತ ಹಿಡಿದು ಕ್ಷಕಿರಣದಲ್ಲಿ ಪರೀಕ್ಷಿಸಿದಾಗ, ಬಲಿತ ಹಕ್ಕಿಗಳಲ್ಲಿ ಸುಮಾರು ಮೂರರಲ್ಲೊಂದು ಮೈಯೊಳಗೆ ಚರೆಯನ್ನು ಹೊತ್ತು ಹಾರುತ್ತಿರುವುದು ತಿಳಿಯಿತು. ಹೊಡೆದವರು ಅವನ್ನು ತಪ್ಪಿದ ಈಡುಗಳೆಂದು ಎಣಿಸಿದ್ದರು! ಆಮೇಲೆ ಅಲ್ಲಿ ದೂರದ ಈಡಿನ ವಿರುದ್ಧ ಪ್ರಚಾರ ನಡೆಯಿತು. ಬೇಟೆನಾಯಿಯ ಮಾತು ಬಂತೆಂದು ನೆನಪಿಸುತ್ತೇನೆ: ಹಂದಿಯೊಡನೆ ಹೋರಾಡಿ ತಾನೂ ಮಡಿದ ಕಾಳಿಯೆಂಬ ನಾಯಿಗಾಗಿ ಮಣಲೇರನು ನೆಡಿಸಿದ ಹತ್ತನೆಯ ಶತಮಾನದ ಆತಕೂರಿನ ಶಾಸನ ನಮ್ಮದು. ಅದನ್ನು ಇಂದು ಬೆಂಗಳೂರಿನ ವಸ್ತುಸಂಗ್ರಹಾಲಯದಲ್ಲಿ ನೋಡಬಹುದು. ನಾಯಿಗೂ ಕಲ್ಲು ನಿಲ್ಲಿಸಿದ ನಾಡಿಗೆ ಈ ಬಗೆಯ ಹೊಣೆಗಾರಿಕೆ ಪರದೇಶದ್ದೆಂದು ಅನ್ನಿಸಬೇಕಾಗಿಲ್ಲ.

ಈಗ ನಿಜವಾಗಿ ಬಲವಾದ ಆಕ್ಷೇಪಣೆಗೆ ಬರುತ್ತೇನೆ. ಹಿಂಸೆಯಲ್ಲಿ ಎಂಥ ನೀತಿ? ಎದೆಗೆ ಹೊಡೆದರೆ ಧರ್ಮ, ಹೊಟ್ಟೆಗೆ ಹೊಡೆದರೆ ಅಧರ್ಮ ಎನ್ನುವುದು ಕಟುಕನ ಸಮಾಧಾನವಲ್ಲವೆ? ಈ ಪ್ರಶ್ನೆಯನ್ನು ಕನ್ನಡದಲ್ಲಿ ಕೇಳಿದವನು ಸಾಮಾನ್ಯನಲ್ಲ, ಜನ್ನ. 1209ರಲ್ಲಿ ಅವನು ಬರೆದ ಯಶೋಧರ ಚರಿತೆಯಲ್ಲಿ ಅರಸನು ಕೊಂದದ್ದು ಹಿಟ್ಟಿನ ಕೋಳಿಯನ್ನು. ನೆತ್ತರಿಲ್ಲ, ನೋವಿಲ್ಲ, ಸತ್ತದ್ದು ಯಾವುದೂ ಇಲ್ಲ. ಆದರೂ ಕೊಲ್ಲುವ ಸಂಕಲ್ಪವೊಂದೇ ಅವನನ್ನೂ ಅವನ ತಾಯಿಯನ್ನೂ ಜನ್ಮಜನ್ಮಾಂತರಗಳಲ್ಲಿ ಪ್ರಾಣಿಗಳಾಗಿ ಹುಟ್ಟಿಸಿ ಕೊಲ್ಲಿಸಿತು. ಜನ್ನನ ಮುಂದೆ ನನ್ನ ಅಜ್ಜನ ಪಾಠವೆಲ್ಲ ಸೋಲುತ್ತದೆಂದು ಒಪ್ಪುತ್ತೇನೆ. ಕೊಲ್ಲದಿರುವುದಕ್ಕಿಂತ ಒಳ್ಳೆಯ ಕೊಲೆಯಿಲ್ಲ.

ಆದರೆ ಜನ್ನನು ಮಾತನಾಡುವುದು ಕೈಯನ್ನು ಇನ್ನೂ ಎತ್ತದವನೊಡನೆ. ಕೈ ಎತ್ತಿಯಾದವನಿಗೆ ಏನು ಹೇಳೋಣ? ವರ್ಷದ ಬೆಳೆಯನ್ನು ಒಂದು ರಾತ್ರಿಯಲ್ಲಿ ಹಂದಿಗೆ ಒಪ್ಪಿಸಿದ ರೈತನಿಗೆ, ಊರಿನ ಜನರನ್ನು ಕೊಂದ ಮೃಗದ ಬೆನ್ನುಹತ್ತಿದ ಅರಣ್ಯಾಧಿಕಾರಿಗೆ, 'ನೀನು ಹೇಗಿದ್ದರೂ ಪಾಪಿ, ಹೇಗೆ ಮಾಡಿದರೇನು' ಎನ್ನೋಣವೆ? ಹಾಗೆನ್ನುವ ಅಹಿಂಸೆ ತನ್ನ ಕೈಯನ್ನು ಶುದ್ಧವಾಗಿಟ್ಟುಕೊಳ್ಳುತ್ತದೆ, ಮೃಗದ ನೋವನ್ನು ಒಂದು ಗಳಿಗೆಯೂ ಕಡಮೆ ಮಾಡುವುದಿಲ್ಲ. ಇನ್ನೊಂದು ಕಡೆಯಿಂದಲೂ ನೋಡಿ. ಗುರಿಯ ಧರ್ಮವನ್ನು ನಿಜವಾಗಿ ಕಲಿತವನು ಹೊಡೆಯುವುದು ಕಡಮೆ. ಮಿಗ ಅಡ್ಡ ನಿಲ್ಲಲಿಲ್ಲ, ದೂರವಾಯಿತು, ಬೆಳಕು ಸಾಲದು, ಹಿಂದೆ ಏನಿದೆಯೋ ತಿಳಿಯದು: ಹತ್ತು ಸಲ ಕೋವಿ ಎತ್ತಿದರೆ ಎಂಟು ಸಲ ಇಳಿಸಬೇಕಾಗುತ್ತದೆ. ಹೇಗೆ ಹೊಡೆಯಬೇಕೆಂಬ ವಿದ್ಯೆಯ ಬಹುಪಾಲು ಹೊಡೆಯದಿರುವ ವಿದ್ಯೆಯೇ. ಆ ದಾರಿಯಲ್ಲಿ ಬಹಳ ದೂರ ನಡೆದವನು ಕೊನೆಗೆ ಜನ್ನನ ಮನೆಯ ಬಾಗಿಲಿಗೇ ಬಂದು ನಿಂತಾನು. ನನ್ನ ಅಜ್ಜ ಬಂದಂತೆ ನನಗೆ ತೋರಿದೆ.

ಇಂದಿನ ಸ್ಥಿತಿಯನ್ನು ನೋಡಿದರೆ ನಾವು ಇದಕ್ಕೆ ತೀರ ವಿರುದ್ಧವಾದ ದಾರಿಯಲ್ಲಿದ್ದೇವೆ. ಬೇಲಿಯಲ್ಲಿ ತಂತಿಯ ಉರುಳು ಒಡ್ಡುವವನು ಶಬ್ದವನ್ನೂ ಕೇಳುವುದಿಲ್ಲ. ಯಾವ ಮೃಗ, ಯಾವ ಅಂಗ, ಯಾವ ಹೊತ್ತು ಎಂಬುದೊಂದೂ ಅವನಿಗೆ ಬೇಡ. ಹಂದಿಗೆಂದು ಒಡ್ಡಿದ ಉರುಳಿನಲ್ಲಿ ಚಿರತೆ ನಡುವಿಗೆ ಸಿಕ್ಕಿ ಒದ್ದಾಡುವ ಸುದ್ದಿಯನ್ನು ಕಾಫಿ ಸೀಮೆಯವರು ಆಗಾಗ ಓದುತ್ತಾರೆ. 2020ರ ಮೇ ತಿಂಗಳಲ್ಲಿ ಕೇರಳದ ಪಾಲಕ್ಕಾಡು ಜಿಲ್ಲೆಯಲ್ಲಿ ಸ್ಫೋಟಕ ತುಂಬಿದ ತಿನಿಸನ್ನು ಕಚ್ಚಿದ ಬಸಿರಿ ಆನೆಯೊಂದು, ಒಡೆದ ದವಡೆಯ ಉರಿಯನ್ನು ತಾಳಲಾರದೆ ಹೊಳೆಯಲ್ಲಿ ಸೊಂಡಿಲು ಮುಳುಗಿಸಿ ನಿಂತು ನಿಂತಲ್ಲಿಯೇ ಸತ್ತಿತು. ದೇಶವೆಲ್ಲ ಮರುಗಿತು. ಆದರೆ ಹಂದಿಗಳಿಗಾಗಿ ಹೀಗೆ ಸ್ಫೋಟಕ ಇಡುವ ಚಾಳಿ ಅಂದು ಹೊಸದಾಗಿ ಹುಟ್ಟಿದ್ದಲ್ಲ. ದವಡೆಯೊಡೆದ ಹಂದಿಗಳಿಗಾಗಿ ಅದಕ್ಕೆ ಮೊದಲು ಯಾರೂ ಮರುಗಿರಲಿಲ್ಲ. ಅವು ಸತ್ತ ಹೊಳೆಯ ಚಿತ್ರವನ್ನು ಯಾರೂ ತೆಗೆದಿರಲಿಲ್ಲ, ಅಷ್ಟೆ. ದಶರಥನ ಕಣ್ಣು ನಮ್ಮದೂ ಹೌದು.

1972ರ ಕಾಯಿದೆಯ 11ನೆಯ ಕಲಂ, ಜೀವಕ್ಕೂ ಬೆಳೆಗೂ ಅಪಾಯ ತಂದ ಕೆಲವು ಪ್ರಾಣಿಗಳನ್ನು ಅಧಿಕಾರಿಯ ಲಿಖಿತ ಅಪ್ಪಣೆಯಿಂದ ಹೊಡೆಯಲು ಅವಕಾಶ ಕೊಡುತ್ತದೆ. ಕೇರಳದಲ್ಲಿ 2022ರಲ್ಲಿ ಹಂದಿಗಳ ಮಟ್ಟಿಗೆ ಈ ಅಧಿಕಾರವನ್ನು ಸ್ಥಳೀಯ ಸಂಸ್ಥೆಗಳ ಕೈಗೇ ಕೊಟ್ಟರು. ಅಪ್ಪಣೆ ಕೊಡುವುದು ಸರಿಯೇ ಎಂಬ ವಾದಕ್ಕೆ ನಾನು ಹೋಗುವುದಿಲ್ಲ, ಬೆಳೆ ಕಳೆದುಕೊಂಡವನ ಸಂಕಟವನ್ನು ನಾನು ಬಲ್ಲೆ. ನನ್ನ ವಿನಂತಿ ಬೇರೆ. ಅದೇ ಕಲಂ, ಮೃಗವನ್ನು ಹಿಡಿಯುವಾಗ ಅಥವಾ ಬೇರೆಡೆಗೆ ಸಾಗಿಸುವಾಗ ಅದಕ್ಕೆ ಆದಷ್ಟು ಕಡಮೆ ಆಘಾತವಾಗುವಂತೆ ನಡೆದುಕೊಳ್ಳಬೇಕೆಂದು ವಿಧಿಸುತ್ತದೆ. ಮತ್ತಿನ ಚುಚ್ಚುಮದ್ದನ್ನು ಹಾರಿಸುವ ವೈದ್ಯ ಹೆಗಲಿನ ಅಥವಾ ತೊಡೆಯ ದಪ್ಪ ಮಾಂಸಖಂಡವನ್ನು ಹುಡುಕಿ ಗುರಿಯಿಡುತ್ತಾನೆ. ಉಳಿಸುವ ಕೈಗೆ ಇಷ್ಟು ಎಚ್ಚರ ಬೇಕಾದರೆ ಕೊಲ್ಲುವ ಕೈಗೆ ಎಷ್ಟು ಬೇಕು? ಅಪ್ಪಣೆ ಪಡೆಯುವವನಿಗೆ ಕೋವಿಯ ಪರವಾನಗಿ ಇದೆಯೇ ಎಂದು ಕೇಳಿದರೆ ಸಾಲದು. ಅವನ ಗುರಿಯನ್ನು ಪರೀಕ್ಷಿಸಬೇಕು. ಮೃಗದ ಒಳಗಿನ ರಚನೆ ಅವನಿಗೆ ಗೊತ್ತೇ ಎಂದು ಕೇಳಬೇಕು. ಹೊಡೆದ ಪ್ರತಿಯೊಂದು ಈಡಿಗೂ, ಸಿಗದೆ ಹೋದ ಪ್ರತಿಯೊಂದು ಮೃಗಕ್ಕೂ ಲೆಕ್ಕ ಕೇಳಬೇಕು. ಗಾಯಗೊಂಡ ಮೃಗವನ್ನು ಹುಡುಕಿ ಮುಗಿಸುವುದು ಅವನ ಹೊಣೆಯೆಂದು ಅಪ್ಪಣೆಯ ಕಾಗದದಲ್ಲಿಯೇ ಬರೆಯಬೇಕು. ಇವಿಷ್ಟನ್ನು ಮಾಡಲಾರದ ನಾಡು ಅಪ್ಪಣೆ ಕೊಡುವ ಹಕ್ಕನ್ನೂ ಬಿಟ್ಟುಕೊಡುವುದು ಲೇಸು. ಉರುಳಿಗೂ ಸಿಡಿಮದ್ದಿಗೂ ಇವುಗಳ ನಡುವೆ ಎಲ್ಲಿಯೂ ಎಡೆಯಿಲ್ಲ.

ಹಳಗನ್ನಡದಲ್ಲಿ 'ಬೇಟ' ಎಂದರೆ ಪ್ರೇಮ, 'ಬೇಂಟೆ' ಎಂದರೆ ಮೃಗಯೆ. ಪರೀಕ್ಷೆಯಲ್ಲಿ ವಿದ್ಯಾರ್ಥಿಗಳು ಒಂದನ್ನು ಇನ್ನೊಂದೆಂದು ಬರೆದು ಅಂಕ ಕಳೆದುಕೊಳ್ಳುವುದು ಪ್ರತಿ ವರ್ಷದ ಕಥೆ. ಕಳೆದ ತಿಂಗಳು ಇದೇ ಪಾಠ ಮತ್ತೆ ಬಂದಾಗ, ಆ ಮಾತಿನೊಂದಿಗೇ ಹಳೆಯ ಪ್ರಶ್ನೆಯನ್ನೂ ಎತ್ತಿಕೊಂಡು, ಇಲ್ಲಿ ಬರೆದದ್ದನ್ನೆಲ್ಲ ಹೊಸ ತರಗತಿಗೆ ಹೇಳಿದೆ. ನನ್ನ ಹಂದಿಯ ಕಥೆಯನ್ನೂ ಬಿಡಲಿಲ್ಲ. ಪ್ರಶ್ನೆ ಕೇಳಿದ್ದ ಹುಡುಗ ಈಗ ಕೊನೆಯ ವರ್ಷದಲ್ಲಿದ್ದಾನೆ. ಅವನನ್ನೂ ಕರೆಸಿ ಹಿಂದಿನ ಬೆಂಚಿನಲ್ಲಿ ಕೂರಿಸಿದ್ದೆ.

ತರಗತಿ ಮುಗಿದ ಮೇಲೆ ಅವನು ವರಾಂಡದವರೆಗೆ ನನ್ನ ಜೊತೆಯಲ್ಲಿ ಬಂದ. ಸ್ವಲ್ಪ ಹೊತ್ತು ಮಾತನಾಡದೆ ನಡೆದು, "ನಮ್ಮ ತೋಟದ ಬೇಲಿಯಲ್ಲಿ ಅಪ್ಪ ಎರಡು ಉರುಳು ಹಾಕಿದ್ದಾರೆ ಸರ್. ಅವತ್ತು ಅದಕ್ಕೇ ಕೇಳಿದ್ದು" ಎಂದ. ನಾನು ಏನೂ ಹೇಳಲಿಲ್ಲ. "ಶನಿವಾರ ಊರಿಗೆ ಹೋಗ್ತೇನೆ. ಹೇಳಿ ನೋಡ್ತೇನೆ. ಕೇಳ್ತಾರೋ ಇಲ್ಲವೋ ಗೊತ್ತಿಲ್ಲ" ಎಂದು ಮೆಟ್ಟಿಲಿಳಿದು ಹೋದ.